ಬಿಸಿ ಪೈಪು, ತಣ್ಣನೆ ಪೈಪು

ಮನೆಯಿಂದ,
ಭಾನುವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ನಮ್ಮ ಹಡಗಿನವರಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ, ಅಥವಾ ಕೇಳಿದಾಗಲೆಲ್ಲ ಹೇಳುವ ಹಾಗೆ ಈಗಲೂ ‘ಪರವಾಗಿಲ್ಲ’ ಅಂತಲೇ ಹೇಳುತ್ತೀರೋ? ಇಂಜಿನ್ ಕೋಣೆಗೆ ಇಳಿಯುವಾಗ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಿದ್ದೀರಿ ತಾನೇ? ಕಳೆದ ಸಲ ಫೋನಿನಲ್ಲಿ ಪ್ರತಿ ಮಾತಿಗೂ ‘ಆಂ? ಆಂ?’ ಅಂದಿರಿ. ತಪ್ಪು ಫೋನಿನದೋ ಕಿವಿಯದೋ ಅಂತ ಆವತ್ತಿನಿಂದ ಯೋಚಿಸುತ್ತಿದ್ದೇನೆ. ಮುಂದಿನ ಬಂದರಿನಲ್ಲಿ ಹಡಗು ಹತ್ತುವವರ ಕೈಯಲ್ಲಿ ಈ ಪತ್ರ ಕಳಿಸುತ್ತೇವೆ ಅಂತ ಕಂಪನಿಯ ಏಜೆಂಟ್ ಹೇಳಿದ್ದಾರೆ. ವಾರಕ್ಕೆ ಆರು ನಿಮಿಷದ ಫೋನಿನಲ್ಲಿ, ಅದೂ ಮಾವನವರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿರುವಾಗ, ಇದನ್ನೆಲ್ಲ ಹೇಳಲು ಆಗುವುದಿಲ್ಲ. ಅಂಟಿಸುವ ಮೊದಲು ಪತ್ರವನ್ನು ಅವರಿಗೆ ಓದಿ ಹೇಳಬೇಕಂತೆ. ಈ ಕಥೆಯಲ್ಲಿ ಅವರ ಭಾಗವನ್ನು ನಾನು ಕತ್ತರಿಸಿಬಿಡುತ್ತೇನೆ ಅಂತ ಅವರಿಗೆ ಅನುಮಾನ.

ಕಥೆ ನಿಮ್ಮ ಕಂಪ್ಯೂಟರಿನದು. ‘ನಮ್ಮ’ ಅನ್ನಬೇಕಿತ್ತು, ಯಾಕೆಂದರೆ ಅದನ್ನು ಇದೇ ಊಟದ ಮೇಜಿನ ಮೇಲೆ ಇಬ್ಬರೂ ಸೇರಿ ಜೋಡಿಸಿದ್ದು. ಆದರೆ ಹೋದ ವಾರ ಅದು ಮಾಡಿದ್ದನ್ನು ನೋಡಿದರೆ ನಿಮ್ಮದು ಅನ್ನುವುದೇ ನ್ಯಾಯ. ಕೆಳದವಡೆಯಲ್ಲಿ ಗಡ್ಡೆಯಿರುವ ಒಬ್ಬ ಬಸ್ ಡ್ರೈವರ್ ಬಗ್ಗೆ ಹೇಳಿದ್ದೆನಲ್ಲ? ದವಡೆಯ ಒಂದು ಪಾಲು ಕತ್ತರಿಸಿ ತೆಗೆದು, ಕಾಲಿನ ಮೂಳೆಯನ್ನು ತಂದು ಅಲ್ಲಿ ಕೂರಿಸುತ್ತಾರೆ. ಎಲ್ಲಿ, ಯಾವ ಓರೆಯಲ್ಲಿ ಕತ್ತರಿಸಬೇಕು ಅಂತ ಸರ್ಜನ್ನರ ಗರಗಸಕ್ಕೆ ದಾರಿ ತೋರಿಸುವ ಅಚ್ಚು ನಾನು ಕಂಪ್ಯೂಟರಿನಲ್ಲಿ ರೂಪಿಸಿಕೊಡಬೇಕಿತ್ತು. ಆ ಡ್ರೈವರ್ ಅಳತೆ ಕೊಡಲು ಬಂದ ದಿನ ನಾನು ಊಟ ಮಾಡುವುದರ ಬಗ್ಗೆ, ಅಗಿಯುವುದರ ಬಗ್ಗೆ ಸಮಾಧಾನ ಹೇಳುತ್ತಿದ್ದೆ. ಆ ಮನುಷ್ಯ ಊದಿದ ಬಾಯಿಯಲ್ಲೇ ತಡೆದು ತಡೆದು, “ಊಟ ಬಿಡಿ ಮೇಡಂ, ಸಿಳ್ಳೆ ಹಾಕೋಕಾಗುತ್ತಾ?” ಅಂದರು. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಿದ್ದೆ ಹೋದವರನ್ನೆಲ್ಲ ಸಿಳ್ಳೆ ಹಾಕಿಯೇ ಎಬ್ಬಿಸಿ ಇಳಿಸಿದ್ದಾರಂತೆ. ಹಲ್ಲಿನ ಮೇಣ ತಿದ್ದುವ ಕೆಲಸದಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಆಪರೇಷನ್ ಶುಕ್ರವಾರ. ಅಚ್ಚನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ, ಶುದ್ಧ ಮಾಡಿ ಆಸ್ಪತ್ರೆಗೆ ಮುಟ್ಟಿಸಬೇಕಾದರೆ ಫೈಲು ಬುಧವಾರ ಮೂರು ಗಂಟೆಯೊಳಗೆ ಮುದ್ರಣದವರ ಕೈ ಸೇರಬೇಕು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಕೆಲಸವೆಲ್ಲ ಮುಗಿದಿತ್ತು. ಉಳಿದಿದ್ದು ಕೊನೆಯ ಲೆಕ್ಕಾಚಾರ ಮಾತ್ರ. ಅದನ್ನು ಯಂತ್ರವೇ ಮಾಡುತ್ತದೆ, ನಲವತ್ತು ನಿಮಿಷ ಬೇಕು. ಶುರು ಮಾಡಿ ಟೀ ಕಾಸಲು ಎದ್ದೆ. ಒಲೆ ಹಚ್ಚುವ ಮೊದಲೇ ಫ್ಯಾನುಗಳು ಊಳಿಡತೊಡಗಿದವು. ಓಡಿ ಬಂದು ನೋಡಿದರೆ, ಶಾಖ ತೋರಿಸಲಿ ಅಂತ ನೀವು ಪೆಟ್ಟಿಗೆಯ ಮುಂಭಾಗದಲ್ಲಿ ಕೂರಿಸಿದ್ದಿರಲ್ಲ ಒಂದು ಪುಟ್ಟ ಅಂಕಿ, ಅದು ಎಂಬತ್ತೆಂಟು ಡಿಗ್ರಿ ತೋರಿಸುತ್ತಿತ್ತು. ನೋಡುತ್ತಿದ್ದಂತೆ ತೊಂಬತ್ತೇಳು, ನೂರು. ಆಮೇಲೆ ಪರದೆ ಕಪ್ಪು. ಮತ್ತೆ ಹಚ್ಚಿದೆ, ಮೂರು ನಿಮಿಷಕ್ಕೆ ಮತ್ತೆ ಕಪ್ಪು. ಫೈಲಿನ ಪ್ರತಿ ಬೇರೆ ಕಡೆ ಇತ್ತು, ಅದಕ್ಕೇನೂ ಆಗಿರಲಿಲ್ಲ. ಆದರೆ ಅಚ್ಚು ರೂಪಿಸುವ ತಂತ್ರಾಂಶದ ಬೀಗ ಈ ಒಂದೇ ಯಂತ್ರಕ್ಕೆ ತೆರೆಯುತ್ತದೆ. ಬೇರೆ ಯಂತ್ರಕ್ಕೆ ಬದಲಾಯಿಸಿಕೊಡಿ ಅಂತ ಆ ತಂತ್ರಾಂಶದ ಕಂಪನಿಯವರನ್ನು ಬೇಡಿಕೊಂಡರೆ, ಎರಡು ಕೆಲಸದ ದಿನ ಬೇಕು ಅಂದರು. ರಿಪೇರಿ ಅಂಗಡಿಯವನಂತೂ, “ತಂಪು ಮಾಡೋಕೆ ಒಳಗೆ ನೀರು ಓಡೋ ಮಾಲು ನಾನು ಮುಟ್ಟಲ್ಲ ಮೇಡಂ, ಸೋರಿದ್ರೆ ನನ್ನ ತಲೆಗೆ ಬರುತ್ತೆ. ಬಿಟ್ಟು ಹೋಗಿ, ಶನಿವಾರ ನೋಡೋಣ,” ಅಂದ. ಸರ್ಜನ್ನರ ಸಹಾಯಕಿಗೆ ಫೋನ್ ಮಾಡಿದೆ. ಆಕೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. “ಈ ಶುಕ್ರವಾರ ತಪ್ಪಿದ್ರೆ ಆಪರೇಷನ್ ಥಿಯೇಟರ್ ಸಿಗೋದು ಐದು ವಾರ ಆದ್ಮೇಲೆ. ಗಡ್ಡೆ ಅಷ್ಟು ದಿನ ಸುಮ್ನಿರಲ್ಲ,” ಅಂತ ಮೆತ್ತಗೆ ಹೇಳಿದಳು.

ನಾನು ನೆಲದ ಮೇಲೆ ಕೂತು ಪೆಟ್ಟಿಗೆಯ ಪಕ್ಕದ ಬಾಗಿಲು ಬಿಚ್ಚುತ್ತಿದ್ದಾಗ ಮಾವನವರು ಪೇಪರ್ ಮಡಚಿಕೊಂಡು ಬಂದರು. ಪ್ರೊಸೆಸರಿನ ತಲೆಯ ಮೇಲೆ ಒಂದು ಪುಟ್ಟ ಪಂಪು ಕೂತಿದೆ, ಬಿಸಿಯಾದ ನೀರನ್ನು ಒಂದು ಪೈಪಿನಲ್ಲಿ ರೇಡಿಯೇಟರಿಗೆ ತಳ್ಳುತ್ತದೆ, ಅಲ್ಲಿ ಫ್ಯಾನುಗಳು ಆರಿಸುತ್ತವೆ, ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ ಅಂತ ವಿವರಿಸಿದೆ. ಅವರ ಮುಖ ನೋಡಬೇಕಿತ್ತು ನೀವು. “ಇದ್ರೊಳಗೆ ಪಂಪಿದೆಯಾ? ಮೂವತ್ತಮೂರು ವರ್ಷ ಊರಿಗೆಲ್ಲ ನೀರು ಎತ್ತಿದವನು ಪಕ್ಕದ ಕೋಣೇಲೇ ಕೂತಿದೀನಿ, ಕರೀಬಾರ್ದಾ ತಾಯಿ?” ಅಂದರು. ನೀರು ಓಡುತ್ತಿದ್ದರೆ ಎರಡೂ ಪೈಪು ಹೆಚ್ಚುಕಡಿಮೆ ಒಂದೇ ಬಿಸಿಯಿರುತ್ತವೆ, ನಿಂತಿದ್ದರೆ ಒಂದು ಸುಡುತ್ತದೆ, ಇನ್ನೊಂದು ತಣ್ಣಗಿರುತ್ತದೆ ಅಂತ ಹೇಳಿಕೊಟ್ಟರು. ನಾನು ಯಂತ್ರ ಹಚ್ಚಿದೆ. ಅವರು ಎರಡು ಕೈಯಲ್ಲಿ ಎರಡು ಪೈಪು ಹಿಡಿದು, ಕಣ್ಣು ಮುಚ್ಚಿ, ಬಿಸಿ ಹೋಲಿಸಿ ನೋಡಿದರು. “ಎರಡೂ ಒಂದೇ. ನೀರು ಓಡ್ತಿದೆ. ಪಂಪಿನ ತಪ್ಪಲ್ಲ,” ಅಂದರು. ಪಂಪಿನ ವಿಷಯದಲ್ಲಿ ಅವರ ಮಾತಿಗೆ ಎದುರುಂಟೇ? ಅದನ್ನು ಅಲ್ಲಿಗೇ ಬಿಟ್ಟೆವು.

ಮಂಗಳವಾರವೆಲ್ಲ ಮಿಕ್ಕ ಕಡೆ ಹುಡುಕುವುದರಲ್ಲೇ ಹೋಯಿತು. ರೇಡಿಯೇಟರಿನ ಸಂದುಗಳಲ್ಲಿ ಕೂತ ಧೂಳನ್ನು ಮೇಣದ ಕೆಲಸದ ಬ್ರಷ್ಷಿನಿಂದ ತೆಗೆದೆ. ಫ್ಯಾನುಗಳು ಮೂರೂ ನೆಟ್ಟಗಿದ್ದವು. ಹಾಗಾದರೆ ಪಂಪಿಗೂ ಪ್ರೊಸೆಸರಿಗೂ ನಡುವೆ ಶಾಖ ದಾಟಿಸಲು ಸವರುವ ಆ ಬೂದು ಪೇಸ್ಟು ಒಣಗಿರಬೇಕು ಅಂದುಕೊಂಡೆ. ನಾಲ್ಕು ಸ್ಕ್ರೂ ಬಿಚ್ಚಿ ಪಂಪನ್ನು ಎತ್ತಿದರೆ ಪೇಸ್ಟು ನಿಜಕ್ಕೂ ಸುಣ್ಣದ ಹಾಗೆ ಆಗಿತ್ತು. ಸಿಕ್ಕಿತು ಕಳ್ಳ ಅಂತ ಖುಷಿಯಾಯಿತು. ಎರಡು ಅಂಗಡಿ ಸುತ್ತಿ ಹೊಸ ಪೇಸ್ಟು ತಂದು, ಹಳೆಯದನ್ನು ಒರೆಸಿ, ಕಾಳಿನಷ್ಟು ಹಾಕಿ, ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸಮವಾಗಿ ಬಿಗಿದು, ಬುಧವಾರ ಬೆಳಿಗ್ಗೆ ಹಚ್ಚಿದೆ. ಅರವತ್ತು, ಎಪ್ಪತ್ತು. ಐದನೇ ನಿಮಿಷಕ್ಕೆ ನೂರು, ಕಪ್ಪು. ಪ್ರೊಸೆಸರಿನ ವೇಗ ಅರ್ಧಕ್ಕೆ ಇಳಿಸಿದೆ, ಒಂಬತ್ತು ನಿಮಿಷ ಬಾಳಿತು, ಅಷ್ಟೇ. ಗಡಿಯಾರದಲ್ಲಿ ಹನ್ನೊಂದೂಕಾಲು. ಯಾರ ಮೇಲೆ ಸಿಟ್ಟು ಮಾಡುವುದು ಅಂತ ತಿಳಿಯದೆ ನಿಮ್ಮ ಮೇಲೆ ಮಾಡಿದೆ, ನೀವು ದೂರ ಇದ್ದದ್ದರಿಂದ ಅನುಕೂಲವಾಯಿತು.

ಕೊನೆಗೆ ಮತ್ತೆ ಯಂತ್ರ ಹಚ್ಚಿ, ಮೇಜಿನ ಫ್ಯಾನನ್ನೇ ತಂದು ಪೆಟ್ಟಿಗೆಯ ಬಾಯಿಗೆ ಹಿಡಿಯಲು ಹೋದೆ. ಆಗ ನನ್ನ ಮುಂಗೈ ಒಂದು ಪೈಪಿಗೆ ತಾಗಿತು. ಚುರ್ರೆಂದಿತು. ಕೈ ಹಿಂದಕ್ಕೆಳೆದು ಇನ್ನೊಂದು ಪೈಪನ್ನು ಮುಟ್ಟಿದೆ. ಗೋಡೆಯಷ್ಟು ತಣ್ಣಗಿತ್ತು. “ಮಾವಾ, ಒಂದು ಸುಡ್ತಿದೆ, ಒಂದು ತಣ್ಣಗಿದೆ,” ಅಂದೆ. ಅವರು ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ, ನಿನ್ನೆ ಓಡುತ್ತಿದ್ದ ನೀರು ಇವತ್ತು ನಿಂತಿರಬಹುದು ಅಂದರು. ಆದರೆ ಅಲ್ಲಿಂದ ಮುಂದೆ ಅವರು ಮಾಡಿದ್ದನ್ನು ನಾನು ಎಂದೂ ಮರೆಯುವುದಿಲ್ಲ. ಸ್ಕ್ರೂಡ್ರೈವರ್ ಎತ್ತಿಕೊಂಡು, ಅದರ ತುದಿಯನ್ನು ಪಂಪಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು, ಡಾಕ್ಟರು ಎದೆ ನೋಡುವ ಹಾಗೆ. “ಗಳಗಳ ಅಂತಿದೆ. ತಿರುಗ್ತಿದೆ, ಆದ್ರೆ ನೀರು ಸಿಕ್ತಿಲ್ಲ. ಗಾಳಿ ಹಿಡ್ಕೊಂಡಿದೆ. ರೇಡಿಯೇಟರ್ ಎಲ್ಲಿ?” ಪೆಟ್ಟಿಗೆಯ ತಳದಲ್ಲಿದೆ ಅಂದೆ. ಮೇಲೆ ಜಾಗ ಸಾಲದು ಅಂತ ನೀವೇ ತಳಕ್ಕೆ ಬಿಗಿದಿದ್ದು, ನೆನಪಿದೆಯೇ? ಅವರು ತಲೆ ಚಚ್ಚಿಕೊಂಡರು. “ಗಾಳಿ ಯಾವಾಗ್ಲೂ ಎಲ್ಲಕ್ಕಿಂತ ಮೇಲೆ ಹೋಗಿ ಕೂರುತ್ತೆ. ಇಲ್ಲಿ ಎಲ್ಲಕ್ಕಿಂತ ಮೇಲಿರೋದು ಪಂಪೇ! ವರ್ಷಗಟ್ಟಲೆ ನೀರು ಒಂಚೂರು ಒಂಚೂರೇ ಆರಿ, ಗಾಳಿ ಸೇರಿದೆ. ಹಡಗಿನ ಇಂಜಿನ್ ನೋಡ್ಕೊಳೋನು ಮಾಡೋ ಕೆಲಸಾನಾ ಇದು?” ಇದನ್ನು ಹೀಗೇ ಬರೆಯಬೇಕು ಅಂತ ಅವರ ಅಪ್ಪಣೆ.

ರೇಡಿಯೇಟರನ್ನು ಬಿಚ್ಚಿ ಮೇಲೆ ಕೂರಿಸಲು ಹೊತ್ತಿಲ್ಲ, ಅಲ್ಲಿ ಸ್ಕ್ರೂ ತೂತೂ ಇಲ್ಲ. “ಹಾಗಾದ್ರೆ ಪೆಟ್ಟಿಗೇನೇ ತಲೆಕೆಳಗು ಮಾಡು, ಗಾಳಿ ಪಂಪು ಬಿಟ್ಟು ರೇಡಿಯೇಟರಿಗೆ ಏರಲಿ,” ಅಂದರು. ಕರೆಂಟ್ ತೆಗೆದು, ಇಬ್ಬರೂ ಹಿಡಿದು ಅದನ್ನು ಮಗುವನ್ನು ಮಗ್ಗುಲು ಮಾಡುವ ಹಾಗೆ ಮೆಲ್ಲಗೆ ತಿರುಗಿಸಿದೆವು. ಒಳಗೆ ನೀರು ಗುಟುಕುಗುಟುಕಾಗಿ ಸರಿದಾಡುವ ಸದ್ದು ನನಗೂ ಕೇಳಿಸಿತು. ನೆತ್ತಿಯಲ್ಲಿದ್ದ ಆನ್-ಆಫ್ ಗುಂಡಿ ಒತ್ತಿಹೋಗದಿರಲಿ ಅಂತ ಎರಡು ಕಡೆ ನನ್ನ ಪ್ಲಾಸ್ಟರ್ ದವಡೆ ಮಾದರಿಗಳ ಡಬ್ಬ ಇಟ್ಟು ಅದರ ಮೇಲೆ ನಿಲ್ಲಿಸಿದೆವು. ಅವರು ಹೇಳಿದ ಹಾಗೆ ಆ ಕಡೆ ಈ ಕಡೆ ವಾಲಿಸಿ, ಪೈಪುಗಳನ್ನು ತಟ್ಟಿದೆ. ಹಚ್ಚಿದಾಗ ಒಂದು ಗಂಟೆಗೆ ಐದು ನಿಮಿಷ ಬಾಕಿ. ತಲೆಕೆಳಗಾದ ಅಂಕಿಯನ್ನು ಕತ್ತು ತಿರುಚಿ ಓದುತ್ತಾ ಕೂತೆ. ಐವತ್ತೆಂಟು. ಅರವತ್ತಮೂರು. ಅರವತ್ತಾರಕ್ಕೆ ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೂವತ್ತೊಂದನೇ ನಿಮಿಷಕ್ಕೆ ಇದ್ದಕ್ಕಿದ್ದ ಹಾಗೆ ಎಪ್ಪತ್ತೆಂಟು, ಎಂಬತ್ತನಾಲ್ಕು, ತೊಂಬತ್ತು. “ಪೈಪು ತಟ್ಟು! ಮೆಲ್ಲಗೆ. ಗುಳ್ಳೆ ಸಿಕ್ಕೊಂಡಿದೆ, ದಾರಿ ಬಿಡು ಅದಕ್ಕೆ,” ಅಂದರು ಮಾವನವರು. ಒಂದೇ ಬೆರಳಲ್ಲಿ ತಟ್ಟುತ್ತಾ ಹೋದೆ. ಎಲ್ಲೋ ಒಂದು ಕಡೆ ಗುಳುಕ್ ಅಂದಿತು. ಎಂಬತ್ತು, ಎಪ್ಪತ್ತು, ಅರವತ್ತೇಳು. ಅರ್ಧ ವೇಗದಲ್ಲೇ ಲೆಕ್ಕಾಚಾರ ಮುಗಿದು, ನಾನು ಎರಡು ಸಲ ಪರೀಕ್ಷಿಸಿ, ಫೈಲು ಕಳಿಸಿದಾಗ ಎರಡೂಮುಕ್ಕಾಲು. ‘ತಲುಪಿದೆ’ ಅಂತ ಮುದ್ರಣದವರ ಉತ್ತರ ಬರುವವರೆಗೆ ನಾವಿಬ್ಬರೂ ನೆಲದಿಂದ ಏಳಲಿಲ್ಲ.

ಶುಕ್ರವಾರ ಆಪರೇಷನ್ ಆಯಿತು. ಒಂಬತ್ತು ಗಂಟೆ ಹಿಡಿಯಿತಂತೆ. ಅಚ್ಚು ಮೂಳೆಯ ಮೇಲೆ ಒಂದಿಷ್ಟೂ ಅಲುಗದೆ ಕೂತಿತು ಅಂತ ಸಹಾಯಕಿ ನಿನ್ನೆ ಫೋನ್ ಮಾಡಿ ಹೇಳಿದಳು. ಡ್ರೈವರಿಗೆ ಎಚ್ಚರ ಬಂದಿದೆ, ಹೆಂಡತಿಯ ಕೈ ಹಿಡಿದು ಗುರುತಿಸಿದ್ದಾರೆ. ಸಿಳ್ಳೆಯ ವಿಷಯ ಕೇಳಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೆ ತುಂಬ ತಿಂಗಳು ಬೇಕು. ಹೊಸ ಪಂಪು ಬರುವ ಬುಧವಾರ ಸಿಗುತ್ತದೆ. ಅಲ್ಲಿಯವರೆಗೆ ನಿಮ್ಮ ಯಂತ್ರ ಶೀರ್ಷಾಸನದಲ್ಲೇ ಇರುತ್ತದೆ.

ನೀವು ಹೊತ್ತಿಗೆ ಸರಿಯಾಗಿ ಉಣ್ಣಿ, ಪಾಳಿ ಮುಗಿದ ಮೇಲೆ ಹರಟೆಗೆ ಕೂರದೆ ಮಲಗಿ. ಅಪ್ಪನ ಆಶೀರ್ವಾದ ಸದಾ ಮಗನ ಬೆನ್ನಿಗಿದೆ, ಆದರೆ ಇನ್ನು ಮೇಲೆ ಪಂಪನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದರೆ ವಾಪಸು ತೆಗೆದುಕೊಳ್ಳುತ್ತಾರಂತೆ. ನನ್ನ ಪ್ರೀತಿಯನ್ನು ಹಾಗೆ ಹಿಂದಕ್ಕೆ ಪಡೆಯುವ ಯೋಚನೆಯಿಲ್ಲ.

ಇತಿ ನಿಮ್ಮ,
ಮೇಣದ ಕೈಯವಳು

ಮರೆತಿದ್ದು: ಮೇಲಿನದನ್ನೆಲ್ಲ ಅವರಿಗೆ ಓದಿ ಹೇಳಿಯಾಯಿತು, ಸಂತೋಷಪಟ್ಟು ಕ್ಷೌರಕ್ಕೆ ಹೋಗಿದ್ದಾರೆ. ಅವರು ಬರುವುದರೊಳಗೆ ಇದನ್ನು ಬರೆದು ಅಂಟಿಸಬೇಕು. ಮಂಗಳವಾರವೂ ನೀರು ನಿಂತೇ ಇತ್ತು ರೀ. ಪೈಪುಗಳ ಬಿಸಿ ಬೇರೆ ಬೇರೆಯೇ ಇತ್ತು. ಅವರ ಬೆರಳಿಗೆ ಗೊತ್ತಾಗಲಿಲ್ಲ. ಅವತ್ತು ಯಂತ್ರ ನಿಂತ ಕೂಡಲೇ ಪಂಪನ್ನು ಬಿಚ್ಚಿದಾಗ ಅದರ ತಾಮ್ರದ ತಳವನ್ನು ಬರಿಗೈಯಲ್ಲಿ ಒತ್ತಿ ಹಿಡಿದುಕೊಂಡು ಪಂಪ್‌ಹೌಸಿನ ಯಾವುದೋ ಕಥೆ ಹೇಳುತ್ತಾ ನಿಂತರು. ಆಮೇಲೆ ನಾನು ಮುಟ್ಟಿದೆ, ಸುಟ್ಟು ಕೈ ಹಿಂದಕ್ಕೆಳೆದೆ. ದುಡಿದ ಕೈ, ಗಟ್ಟಿ ಅಂದುಕೊಂಡೆ, ನನ್ನ ದಡ್ಡತನ. ಬುಧವಾರ ಸಂಜೆ ಅವರ ಹೆಬ್ಬೆರಳಿನ ಮೇಲೆ ನಾಣ್ಯದಗಲದ ಬೊಬ್ಬೆ ನೋಡಿದೆ. ಅವರೂ ಅದನ್ನು ಬೇರೆ ಯಾರದೋ ಬೆರಳು ಅನ್ನುವ ಹಾಗೆ ನೋಡುತ್ತಿದ್ದರು. ಎರಡು ವರ್ಷದಿಂದ ಬೆರಳು ಮರಗಟ್ಟಿದೆಯಂತೆ. ಪಾದವೂ ಹಾಗೆಯೇ. ಹಿಮ್ಮಡಿಯಲ್ಲಿ ಒಂದು ಗಾಯವಿದೆ, ಯಾವಾಗ ಆಯಿತೋ ಅವರಿಗೇ ತಿಳಿಯದು. ಸಕ್ಕರೆ ಕಾಯಿಲೆ ಇರಬೇಕು ಅಂತ ನನ್ನ ಭಯ. “ಅವನಿಗೆ ಹೇಳ್ಬೇಡ ತಾಯಿ, ಹಡಗು ಬಿಟ್ಟು ಓಡಿ ಬರ್ತಾನೆ,” ಅಂದರು. ನಾನು ಹೇಳುವುದಿಲ್ಲ ಅಂತ ಮಾತು ಕೊಟ್ಟೆ, ಈಗ ಮುರಿಯುತ್ತಿದ್ದೇನೆ. ಪರೀಕ್ಷೆಗೆ ಬನ್ನಿ ಅಂದರೆ ಕೇಳುತ್ತಿಲ್ಲ. ಮೇಲಾಗಿ ಪಕ್ಕದ ಮನೆಯವರ ನೀರಿನ ಮೋಟಾರು ಬಿಚ್ಚಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದಾರೆ, ಕರೆಂಟಿನ ಕೆಲಸ, ಈ ಬೆರಳಿಟ್ಟುಕೊಂಡು! ಓಡಿ ಬರಬೇಡಿ. ಪತ್ರ ಸಿಕ್ಕ ವಾರದ ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ, ಆಸ್ಪತ್ರೆಗೆ ಹೋಗು ಅಪ್ಪಾ ಅನ್ನಿ. ನಿಮ್ಮ ಮಾತು ಮೀರುವುದಿಲ್ಲ. ನಾನು ಹೇಳಿಕೊಟ್ಟೆ ಅಂತ ಗೊತ್ತಾದರೆ ಆಗಲಿ, ನನ್ನ ಜೊತೆ ಮಾತು ಬಿಡಲಿ, ಸಹಿಸಿಕೊಳ್ಳುತ್ತೇನೆ. ಮಾವ ಬಂದರು ಅಂತ ಕಾಣುತ್ತದೆ, ಗೇಟಿನ ಹತ್ತಿರ ಸದ್ದಾಗುತ್ತಿದೆ. ಕಿಟಕಿಯಿಂದ ಕಾಣುತ್ತಿದ್ದಾರೆ, ಆಚೆ ನಿಂತು ಒಳಗಿನ ಚಿಲಕವನ್ನು ಕೈ ಹಾಕಿ ತಡಕುತ್ತಿದ್ದಾರೆ. ಬೆರಳು ಅದರ ಮೇಲೇ ಇದೆ, ಅವರಿಗೆ ಗೊತ್ತಾಗುತ್ತಿಲ್ಲ.