ಹತ್ತು ಸಲ ಎದ್ದು ಕುಳಿತವರ ಪರವಾಗಿ

ವಾಡಿಗೆ ಬಂದು, ಇಪ್ಪತ್ಮೂರು ಹೆಂಗಸರ ಮೊಣಕಾಲುಗಳಿಂದ ಸನ್ಮಾನಿತರಾಗಿ ಹಿಂದಿರುಗಿದ ಮಾನ್ಯ ತಪಾಸಣಾಧಿಕಾರಿಗಳೇ,

ನಾವು ಅಂದು ಎದ್ದು ನಿಂತದ್ದು ತಮ್ಮ ಗೌರವಾರ್ಥವಲ್ಲ. ತಮಗೆ ಬೇಸರವಾದೀತೆಂದು ಎರಡು ವಾರ ಈ ಮಾತನ್ನು ನುಂಗಿಕೊಂಡಿದ್ದೆ. ತಮ್ಮ ವರದಿಯ ಪ್ರತಿ ಕೈಸೇರಿದ ಮೇಲೆ ಇನ್ನು ಸುಮ್ಮನಿರುವುದು ಸಾಧ್ಯವಿಲ್ಲ. ಆ ವರದಿಯ ಬಲದಿಂದ ವಾಡಿಯ ಬುಧವಾರದ ಮೊಣಕಾಲು ತರಗತಿ ನಿಂತುಹೋಗಿದೆ. ಸೇಡಂನ ಸೋಮವಾರ, ಚಿತ್ತಾಪುರದ ಮಂಗಳವಾರ, ಶಹಾಬಾದಿನ ಗುರುವಾರ, ಚಿಂಚೋಳಿಯ ಶುಕ್ರವಾರ ಎಲ್ಲವೂ ಅದರ ಬೆನ್ನಿಗೇ ಹೋದವು. ಐದೂ ಊರು ಸುತ್ತುತ್ತಿದ್ದ ಫಿಸಿಯೋಥೆರಪಿಸ್ಟ್ ಮೈತ್ರಿ ಮೇಡಂ ಈಗ ಜಿಲ್ಲಾ ಕೇಂದ್ರದ ಒಂದು ಕೋಣೆಯಲ್ಲಿ ಹಳೆಯ ಕಡತಗಳನ್ನು ಜೋಡಿಸುತ್ತಿದ್ದಾರಂತೆ. ಕಡತಗಳಿಗೂ ಕೀಲು ಸವೆತ ಇರುತ್ತದೆಯೋ ಏನೋ, ನಾನು ಅಷ್ಟು ತಿಳಿದವಳಲ್ಲ.

ಆ ಬುಧವಾರ ನಡೆದದ್ದು ಇಷ್ಟು. ನಮ್ಮ ಸಮುದಾಯ ಭವನದ ಗೋಡೆಯುದ್ದಕ್ಕೂ ಇಟ್ಟಿಗೆಯ ಮೇಲೆ ಶಹಾಬಾದ್ ಫರಸಿಕಲ್ಲು ಹಾಸಿದ ಕಟ್ಟೆಯಿದೆ. ಕಟ್ಟೆ ತಗ್ಗಾದಷ್ಟೂ ಏಳುವುದು ಕಷ್ಟವೆಂದು ಮೈತ್ರಿ ಮೇಡಂ ಟೇಪು ಹಿಡಿದು ಅಳೆದು, ಒಂದು ಸಾಲು ಇಟ್ಟಿಗೆ ಏರಿಸಿದ್ದರು. ಕೈ ಊರದೆ ಏಳಬೇಕು, ದಪ್ಪನೆ ಬೀಳದೆ ನಿಧಾನ ಕುಳಿತುಕೊಳ್ಳಬೇಕು, ಹೀಗೆ ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರ ಹಂಚಿಹೋಗುತ್ತದೆ ಎಂಬುದು ಈ ವ್ಯಾಯಾಮದ ತತ್ತ್ವ. ನಾವು ಮೂರನೆಯ ಸಲ ಏಳುವುದಕ್ಕೂ ತಾವು ಹೊಸಿಲು ದಾಟುವುದಕ್ಕೂ ಸರಿಹೋಯಿತು. ಇಡೀ ಸಭೆ ಎದ್ದು ನಿಂತಿತು. ತಾವು ಕೈಮುಗಿದು, ಕುಳಿತುಕೊಳ್ಳಿ ಎಂದಿರಿ. ಕುಳಿತೆವು. ಮತ್ತೆ ಎದ್ದೆವು. ತಾವು ಮತ್ತೆ ಕೈಮುಗಿದಿರಿ.

ನಿಲ್ಲಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಿಲ್ಲಿಸುವುದು ಹೇಗೆ? ಎಣಿಸುವವಳು ತುಳಜಾಬಾಯಿ. ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ ಇಪ್ಪತ್ತೆರಡು ವರ್ಷ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ ಬಡಿದು ಮೊಣಕಾಲು ಕಳೆದುಕೊಂಡವಳು. ನಡುವೆ ಬಿಟ್ಟವರಿಗೆ ಮತ್ತೆ ಒಂದರಿಂದ ಶುರು ಎಂಬ ಕಾನೂನು ಅವಳದೇ. ಮೇಡಂ ಬೇಡವೆಂದರೂ ಕೇಳಿದವಳಲ್ಲ. ಮುಖ ನೇರವಾಗಿಟ್ಟುಕೊಂಡು ನನ್ನ ಕಿವಿಯಲ್ಲಿ, "ಇನ್ನಾ ಆರು ಉಳದಾವ್ರಿ ಟೀಚರಮ್ಮ, ಸಾಹೇಬ್ರಿಗಿ ಆಮ್ಯಾಲ ಮಾತಾಡ್ಸಾಮು" ಎಂದಳು. ಮೈತ್ರಿ ಮೇಡಂ ವಿವರಿಸಲು ಬಾಯಿ ತೆರೆದರು. ತಾವು ಕೈಯೆತ್ತಿ ತಡೆದು, ಇರಲಿ ಬಿಡಿ, ಅದು ಅವರ ಪ್ರೀತಿ ಎಂದಿರಿ. ಏಳನೆಯ ಸಲಕ್ಕೆ ತಮ್ಮ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ; ಅದನ್ನೂ ತಾವು ಭಾವೋದ್ರೇಕವೆಂದು ತಿಳಿದಿರಬೇಕು. ಹತ್ತು ಮುಗಿದ ಮೇಲೆ ತಮ್ಮ ಜೊತೆಗಿದ್ದ ಫೋಟೋದವರು, ಚಿತ್ರ ಅಲುಗಾಡಿದೆ, ಇನ್ನೊಮ್ಮೆ ಎಂದರು. ಹನ್ನೊಂದನೆಯದು ಮಾತ್ರ ನಿಜವಾಗಿ ತಮಗಾಗಿಯೇ ಎದ್ದದ್ದು. ಅದಕ್ಕೆ ಸಂಜೆ ಮೇಡಂ ಕೈಯಲ್ಲಿ ಬೈಸಿಕೊಂಡೆವು.

ಇನ್ನು ತಮ್ಮ ವರದಿ. ನಾನು ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಕೆಂಪು ಮಸಿಯ ಪೆನ್ನು ಹುಡುಕಿಕೊಂಡೇ ಓದಲು ಕುಳಿತೆ. "ಫಲಾನುಭವಿಗಳು ಯಾವುದೇ ಆಸರೆಯಿಲ್ಲದೆ ಪದೇ ಪದೇ ಎದ್ದು ಗೌರವ ಸಲ್ಲಿಸಿರುತ್ತಾರೆ. ಮೊಣಕಾಲಿನ ತೊಂದರೆ ಯಾರಲ್ಲಿಯೂ ಕಂಡುಬಂದಿರುವುದಿಲ್ಲ. ಆದಕಾರಣ ಸದರಿ ಸೇವೆಯನ್ನು ಹಿಂಪಡೆಯಬಹುದಾಗಿದೆ." ಕಾಗುಣಿತ ತಪ್ಪಿಲ್ಲ, ಅಭಿನಂದನೆಗಳು. ಆದರೆ ಸ್ವಾಮಿ, ಮಗು ಮಗ್ಗಿ ಒಪ್ಪಿಸಿತೆಂದು ಶಾಲೆಗೆ ಬೀಗ ಹಾಕುತ್ತಾರೆಯೇ? ರೈಲು ಓಡುತ್ತಿದೆಯೆಂದು ಡ್ರೈವರನನ್ನು ಇಳಿಸುತ್ತಾರೆಯೇ? ಎದ್ದು ನಿಲ್ಲಲು ಬಂತೆಂಬುದು ತರಗತಿ ಬೇಕೆನ್ನುವುದಕ್ಕೆ ಸಾಕ್ಷಿಯೋ, ಬೇಡವೆನ್ನುವುದಕ್ಕೋ? ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಆ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಕಥೆ ಕೇಳಿ. ನಾಲ್ಕು ವರ್ಷದ ಹಿಂದೆ ನನ್ನ ಎರಡೂ ಮೊಣಕಾಲು ಸವೆದಿವೆ ಎಂದು ಎಕ್ಸ್‌ರೇ ಹೇಳಿತು. ನಮ್ಮ ಯಜಮಾನರು ಮೌಲಾಲಿಯವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಗ್ರೀಸ್ ಮುಗದಾದ, ಗಾಡಿ ಶೆಡ್ಡಿಗಿ ಹಾಕಾಮು" ಎಂದು ತೀರ್ಪು ಕೊಟ್ಟರು. ಸವೆದದ್ದನ್ನು ಬಳಸಿದರೆ ಇನ್ನಷ್ಟು ಸವೆಯುತ್ತದೆಂಬ ಲೆಕ್ಕದಲ್ಲಿ ನಾನೂ ಶೆಡ್ಡಿಗೆ ಹೋದೆ. ಕುಳಿತಲ್ಲಿಗೆ ನೀರು, ಕುಳಿತಲ್ಲಿಗೆ ಚಹಾ, ನಮಾಜು ಕುರ್ಚಿಯ ಮೇಲೆ. ಮೂರು ವರ್ಷದಲ್ಲಿ ತೂಕ ಹನ್ನೊಂದು ಕಿಲೋ ಏರಿತು, ನೋವು ಅದಕ್ಕಿಂತ ಹೆಚ್ಚು ಏರಿತು. ಮೈತ್ರಿ ಮೇಡಂ ಬಂದ ಮೊದಲ ವಾರ ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಹಿಡಿದು ಐದು ಎಣಿಸಿ ಎಂದರು. ನನಗೆ ಅವಮಾನವಾಯಿತು. ಆಟೋ ಹಿಡಿದು ಬಂದದ್ದು ಟವೆಲ್ ಒತ್ತುವುದಕ್ಕೇ ಎಂದು ಕೇಳಿಯೂ ಬಿಟ್ಟೆ. ಅವರು ನಕ್ಕು, ನಾಳೆ ಮನೆಯಲ್ಲೂ ಒತ್ತಿ, ಜಗಳ ಬುಧವಾರ ಆಡೋಣ ಎಂದರು. ಒತ್ತಿದೆ. ಆಮೇಲೆ ಕಾಲು ನೆಟ್ಟಗೆ ಚಾಚಿ ಎತ್ತುವುದು, ಆಮೇಲೆ ಕಟ್ಟೆ, ಆಮೇಲೆ ದಿನಾ ಇಷ್ಟಿಷ್ಟು ನಡಿಗೆ. ತುಳಜಾಬಾಯಿಯ ರೊಟ್ಟಿ ನೆಲ ಬಿಟ್ಟು ನಿಂತು ಬಡಿಯುವ ಕಟ್ಟೆಗೆ ಏರಿತು. ನನ್ನ ತೂಕ ಆರು ಕಿಲೋ ಇಳಿಯಿತು.

ಐದನೆಯ ತಿಂಗಳು ನಾನು ವಾಡಿ ಜಂಕ್ಷನ್ನಿನ ಮೇಲ್ಸೇತುವೆ ಹತ್ತಿದೆ. ಒಮ್ಮೆ ಹತ್ತಿ ಆ ಕಡೆ ಇಳಿದೆ. ಖುಷಿ ತಡೆಯಲಾಗದೆ ತಿರುಗಿ ಹತ್ತಿದೆ. ಟಿಕೆಟ್ ತಪಾಸಣೆಯವರು ಬಂದು ಯಾವ ಗಾಡಿಗೆ ಹೋಗಬೇಕೆಂದು ಕೇಳಿದರು. ಯಾವ ಗಾಡಿಗೂ ಇಲ್ಲ, ಮೆಟ್ಟಿಲಿಗೆ ಬಂದಿದ್ದೇನೆ ಎಂದು ಪ್ಲಾಟ್‌ಫಾರ್ಮ್ ಟಿಕೆಟ್ ತೋರಿಸಿದೆ. ಅವರು ಒಮ್ಮೆ ನನ್ನ ಮುಖ, ಒಮ್ಮೆ ಟಿಕೆಟ್ ನೋಡಿ, ತಲೆ ಕೆಟ್ಟ ಮುದುಕಿಯೆಂದು ದಾರಿ ಬಿಟ್ಟರು. ಅರವತ್ತೆರಡನೆಯ ವಯಸ್ಸಿನಲ್ಲಿ ಅಂಥ ಸಂತೋಷ ನನಗೆ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ. ಈಗಲೂ ಬರೆಯುತ್ತ ಬರೆಯುತ್ತ ಎರಡು ಸಲ ಎದ್ದು ಕುಳಿತೆ, ಸುಮ್ಮನೆ, ಬರುತ್ತದೆಯಲ್ಲ ಎಂದು.

ಈಗ ಕೊನೆಯ ಸಾಲು. "ಒಬ್ಬ ಮಹಿಳೆ ಮಾತ್ರ ಕುಳಿತೇ ಇದ್ದು ಅಶಿಸ್ತು ತೋರಿರುತ್ತಾರೆ." ಆ ಮಹಿಳೆಯ ಹೆಸರು ಅನಸುಬಾಯಿ. ಶಹಾಬಾದಿನಲ್ಲಿ ಫರಸಿ ಹೊತ್ತು, ಪಾಲಿಶ್ ಹಿಡಿದು ದುಡಿದವಳು. ತಾವು ನಿಂತಿದ್ದ ನೆಲದ ಕಲ್ಲು ಅವಳ ಕೈ ದಾಟಿ ಬಂದಿದ್ದರೂ ಬಂದಿರಬಹುದು. ಈಗ ವಾಡಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಅಂದು ಅವಳಿಗೆ ತರಗತಿಯ ಎರಡನೆಯ ವಾರ. ಎರಡು ದಿಂಬಿನ ಮೇಲೆ ಕುಳಿತು ಇನ್ನೂ ಟವೆಲ್ ಒತ್ತುತ್ತಿದ್ದಳು. ಆ ಕೋಣೆಯಲ್ಲಿ ಮೈತ್ರಿ ಮೇಡಂ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದರೋ ಅವಳೊಬ್ಬಳೇ ತಮಗೆ ಕಂಡಳು, ಕಂಡೂ ಹೀಗೆ ಬರೆದಿರಿ.

ಸ್ವಂತ ಆರೈಕೆ ಕಲಿತಿದ್ದೀರಲ್ಲ, ನೀವೇ ಅವಳಿಗೆ ಹೇಳಿಕೊಡಿ ಎನ್ನುತ್ತೀರಾ? ಹೇಳಿಕೊಟ್ಟೆ. ತರಗತಿ ನಿಂತ ಮರುದಿನವೇ ದಿಂಬು ತೆಗೆಸಿ, ಮೇಷ್ಟ್ರಗಿರಿಯ ಉಮೇದಿನಲ್ಲಿ ಮೂವತ್ತು ಸಲ ಏಳಿಸಿದೆ. ಅವಳು ದೊಡ್ಡವರು ಹೇಳಿದ್ದಾರೆಂದು ಹಲ್ಲು ಕಚ್ಚಿ ಎದ್ದಳು. ಮೊಣಕಾಲು ಬಾತು ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ತಪ್ಪು ನನ್ನದು, ಒಪ್ಪುತ್ತೇನೆ. ನನ್ನ ಕಾಲಿಗೆ ಸರಿಯಾದ ಎಣಿಕೆ ಅವಳ ಕಾಲಿಗಲ್ಲ. ಫೋನಿನಲ್ಲಿ ಮೈತ್ರಿ ಮೇಡಂ ಅಳುವಂತಾಗಿ, ನೋವು ಮರುದಿನಕ್ಕೂ ಉಳಿದರೆ ಎಣಿಕೆ ಇಳಿಸಬೇಕೆಂದು ಹೇಳಿದ್ದೆನಲ್ಲ ಟೀಚರ್ ಎಂದರು. ಹೇಳಿದ್ದರು. ನಾವು ಮನೆಯಲ್ಲಿ ದಿನಾ ಮಾಡಿಕೊಳ್ಳುವವರೇ, ಆದರೆ ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕಾಲು ಮುಟ್ಟಿ ನೋಡಿ ಹೇಳಲು ವಾರಕ್ಕೊಮ್ಮೆ ಒಬ್ಬರು ಬೇಕು. ನಾವು ಕೇಳುತ್ತಿರುವುದು ಅಷ್ಟೇ.

ಆದ್ದರಿಂದ ತಾವು ಆ ವರದಿಯನ್ನು ಹಿಂಪಡೆದು, ಐದೂ ಊರಿನ ವಾರಗಳನ್ನು ಈ ತಿಂಗಳೊಳಗೆ ಮರಳಿಸಬೇಕು. ಮೈತ್ರಿ ಮೇಡಂ ಅವರನ್ನು ಕಡತಗಳಿಂದ ಬಿಡಿಸಿ ಕಾಲುಗಳ ಬಳಿಗೆ ಕಳಿಸಬೇಕು. ಜೊತೆಗೆ ಇನ್ನೊಂದು ಕಾಗದ ಬೇಕು, ತಮ್ಮ ಸಹಿಯೊಂದಿಗೆ, ಅನಸುಬಾಯಿಯ ಹೆಸರಿಗೆ. ವರದಿಯನ್ನು ಅವಳಿಗೆ ಯಾರೋ ಓದಿ ಹೇಳಿಬಿಟ್ಟಿದ್ದಾರೆ. ನಿನ್ನೆ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಟೀಚರಮ್ಮ, ಅವತ್ತು ನಾ ಹ್ಯಾಂಗರೆ ಮಾಡಿ ಎದ್ದು ನಿಂತಿದ್ರ ಎಲ್ಲಾರದೂ ಉಳೀತಿತ್ತೇನ್ರಿ?" ಎಂದು ಕೇಳಿದಳು. ಅಲ್ಲ ಎಂದು ನೂರು ಸಲ ಹೇಳಿದೆ, ನಂಬುತ್ತಿಲ್ಲ. ತಾವು ಹೇಳಿ.

ಇಂತಿ,
ತಮಗೆ ಪದೇ ಪದೇ ಗೌರವ ಸಲ್ಲಿಸಿದೆನೆಂದು ತಮ್ಮ ವರದಿಯಿಂದಲೇ ತಿಳಿದುಕೊಂಡ
ತಾಜುನ್ನಿಸಾ
ನಿವೃತ್ತ ಕನ್ನಡ ಶಿಕ್ಷಕಿ, ವಾಡಿ