ಓದಿ ಹೇಳುವವಳು

ಲಾಯರಮ್ಮನ ತಾಯಿಯವರಿಗೆ ಹೊಲಿಗೆ ಅಂಗಡಿಯವಳ ನಮಸ್ಕಾರ.

ನಿರಾಶ್ರಿತರ ಶಿಬಿರದ ಮಕ್ಕಳಿಗೆ ಪ್ರತಿ ಭಾನುವಾರ ನಾವು ಮಾಡುವ ಪಾಠಕ್ಕೆ ಬರುವ ನಿಮ್ಮ ಮಗಳಿಗೆ ಲಾಯರಮ್ಮ ಎಂದು ಹೆಸರಿಟ್ಟವಳು ನಾನೇ, ಬೇಸರ ಮಾಡಿಕೊಳ್ಳಬೇಡಿ. ಏನು ಹೇಳಿದರೂ ಅವಳಲ್ಲಿ ಒಂದು ಅಡ್ಡಪ್ರಶ್ನೆ ಸಿದ್ಧವಾಗಿರುತ್ತದೆ. ನಮ್ಮ ಜೊತೆಯಲ್ಲಿರುವ ಗಣಿತದ ಮೇಷ್ಟ್ರು ನಿವೃತ್ತರಾಗಿ ನೆಮ್ಮದಿಯಿಂದ ಇದ್ದವರು, ಈಗ ಅವಳಿಗೆ ಹೆದರಿ ಶನಿವಾರವೇ ಕೂತು ಓದಿಕೊಂಡು ಬರುತ್ತಾರೆ.

ವಿಷಯಕ್ಕೆ ಬರುತ್ತೇನೆ. ಬರಬೇಕೋ ಬೇಡವೋ ಎಂದೇ ಈ ವಾರವೆಲ್ಲ ತಲೆ ಕೆಟ್ಟುಹೋಗಿದೆ. ನಿನ್ನೆ ಗಿರಾಕಿಯೊಬ್ಬರ ಕೋಟಿಗೆ ಎರಡೂ ಕಡೆ ಎಡಗೈ ತೋಳನ್ನೇ ಹೊಲಿದಿಟ್ಟಿದ್ದೆ. ಅವರು ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗಲೇ ನನಗೆ ಗೊತ್ತಾಗಿದ್ದು.

ಮಗಳನ್ನು ಪಾಠಕ್ಕೆ ಸೇರಿಸಲು ಬಂದ ದಿನ ಅವಳನ್ನು ಆಟಕ್ಕೆ ಕಳಿಸಿ, ದುಭಾಷಿ ಹೆಂಗಸಿನ ಮೂಲಕ ನನಗೊಂದು ಮಾತು ಹೇಳಿದ್ದಿರಿ. ‘ಅವಳಪ್ಪ ಇನ್ನಿಲ್ಲ. ಅವಳಿಗೆ ಗೊತ್ತಿಲ್ಲ. ಮನೆ ನೋಡ್ಕೊಳ್ಳೋಕೆ ನಮ್ಮೂರಲ್ಲೇ ಉಳ್ಕೊಂಡಿದಾರೆ ಅಂತ ಹೇಳಿದೀನಿ. ನೀವೂ ಹಾಗೇ ಹೇಳಿ, ಅಕ್ಕ.’ ಲಾಂಡ್ರಿಯಲ್ಲಿ ಇಡೀ ದಿನ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದಿದ್ದಿರಿ. ನನ್ನ ಕೈ ಹಿಡಿದಾಗ ನಿಮ್ಮ ಅಂಗೈ ಇನ್ನೂ ಬೆಚ್ಚಗಿತ್ತು. ಹಾಗೇ ಆಗಲಿ ಎಂದೆ. ಎನ್ನದೆ ಇನ್ನೇನು ಮಾಡಲಿ?

ಕಳೆದ ಭಾನುವಾರ ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದೆವು. ಮೇಷ್ಟ್ರು ಸೀಟಿ ಊದುತ್ತಾ ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ. ಆನೆಯ ಅಸ್ಥಿಪಂಜರದವರೆಗೆ ಎಲ್ಲ ಸರಿಯಾಗಿತ್ತು. ಮಹಡಿಯ ಮೇಲೆ, ಹಿಂದೆ ಒಂದು ಸಂಸಾರ ಬಾಳಿದ್ದ ಕೋಣೆಯನ್ನು ಇದ್ದ ಹಾಗೆಯೇ ತಂದು ಜೋಡಿಸಿದ್ದಾರೆ. ಮಂಚ, ಒಲೆ, ಮೇಜಿನ ಮೇಲೆ ಬಟ್ಟಲುಗಳು, ಗೂಟಕ್ಕೆ ನೇತುಹಾಕಿದ ಅಂಗಿ. ಅಡ್ಡಕ್ಕೊಂದು ಹಗ್ಗ, ಪಕ್ಕದ ಕುರ್ಚಿಯಲ್ಲಿ ಕಾವಲುಗಾರ. ಬೇರೆ ಮಕ್ಕಳು ಮುಂದೆ ಹೋದರೂ ನಿಮ್ಮ ಮಗಳು ಕದಲಲಿಲ್ಲ.

‘ಮನೆಯವರೆಲ್ಲಿ?’ ಎಂದು ಅವನನ್ನು ಕೇಳಿದಳು.

ಪಾಪ, ಎಲ್ಲ ಮಕ್ಕಳಿಗೂ ಹೇಳುವ ತಮಾಷೆಯೇ ಇರಬೇಕು. ‘ಹೊರಗಡೆ ಹೋಗಿದಾರೆ, ಪುಟ್ಟೀ. ಅವರು ಬರೋವರೆಗೂ ನಾನು ಕಾಯ್ತಾ ಕೂತಿರ್ತೀನಿ’ ಎಂದ.

ಅವಳು ಆ ಅಂಗಿಯನ್ನೇ ನೋಡುತ್ತಿದ್ದಳು. ಈಗ ಅಪ್ಪನ ಬಗ್ಗೆ ಕೇಳುತ್ತಾಳೆ, ನಾನು ತಡವರಿಸುತ್ತೇನೆ, ಸಿಕ್ಕಿಬೀಳುತ್ತೇನೆ ಎನಿಸಿ, ಅವಳು ಬಾಯಿ ತೆರೆಯುವ ಮೊದಲೇ ನಾನೇ ಶುರು ಮಾಡಿದೆ. ‘ನಿಮ್ಮಪ್ಪನೂ ಹೀಗೇ ಕುರ್ಚಿ ಹಾಕ್ಕೊಂಡು ನಿಮ್ಮನೆ ಕಾಯ್ತಿರ್ತಾರೆ, ಅಲ್ವಾ?’ ಬೇಕಿತ್ತೇ ನನಗೆ?

ಅವಳು ನನ್ನ ಸೆರಗು ಹಿಡಿದು ಕಿಟಕಿಯ ಹತ್ತಿರ ಎಳೆದುಕೊಂಡು ಹೋದಳು. ನನ್ನನ್ನು ನೋಡಿದ ಆ ನೋಟದಲ್ಲಿ ಇದ್ದದ್ದು ಕನಿಕರ, ತಂಗಿ. ನನ್ನ ಬಗ್ಗೆ ಕನಿಕರ. ‘ಅಯ್ಯೋ, ಅಮ್ಮ ನಿಮಗೂ ಹೇಳಿಲ್ವಾ?’ ಎಂದಳು.

ಆಮೇಲೆ ಮೆಲ್ಲಗೆ ಹೇಳಿದಳು. ‘ಅಪ್ಪ ಫೋನ್ ಎತ್ತದೇ ಇದ್ರೂ ಅಮ್ಮ ದಿನಾ ಮಾಡ್ತಾ ಇದ್ರು. ಒಂದಿನ ನಿಲ್ಲಿಸಿಬಿಟ್ರು. ಅವತ್ತೇ ನಂಗೆ ಗೊತ್ತಾಯ್ತು. ನೀವು ಅಮ್ಮಂಗೆ ಹೇಳ್ಬೇಡಿ. ನಂಗೆ ಗೊತ್ತಿಲ್ಲ ಅಂತ ನನ್ನ ಮುಂದೆ ನಗ್ತಾ ಇರ್ತಾರೆ. ಗೊತ್ತಾದ್ರೆ ನನ್ನ ಮುಂದೇನೇ ಅಳ್ತಾರೆ. ಆಗ ನಾನೇನ್ ಮಾಡ್ಲಿ?’

ಹೇಳುವುದಿಲ್ಲ ಎಂದು ನಾನು ಮಾತು ಕೊಡುವಷ್ಟರಲ್ಲಿ ಮೇಷ್ಟ್ರ ಸೀಟಿ ಕೇಳಿಸಿತು. ಅವಳು ಓಡಿದಳು. ಬಸ್ಸಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದವಳು ಅವಳೇ. ನಾನು ಇಬ್ಬರಿಗೂ ಮಾತು ಕೊಟ್ಟು ಕೂತಿದ್ದೆ. ಒಬ್ಬರಿಗೆ ಕೊಟ್ಟ ಮಾತು ಉಳಿಸಿಕೊಂಡರೆ ಇನ್ನೊಬ್ಬರದ್ದೂ ಉಳಿಯುತ್ತದೆ, ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಆದರೆ ಒಂದೇ ಸೂರಿನ ಕೆಳಗೆ, ಒಬ್ಬರಿಗಾಗಿ ಒಬ್ಬರು ನಗುತ್ತಾ, ಇಬ್ಬರೂ ಒಂಟಿಯಾಗಿರುವುದನ್ನು ನೋಡಿಕೊಂಡು ನಾನು ಹೇಗೆ ಸುಮ್ಮನಿರಲಿ? ಮಾತಾಡುವುದು ದ್ರೋಹವೋ, ಸುಮ್ಮನಿರುವುದು ದ್ರೋಹವೋ? ಕೊನೆಗೆ ತಾಯಿಗೆ ತಿಳಿಯಲೇಬೇಕು ಎಂದುಕೊಂಡು ಬರೆಯಲು ಕೂತೆ.

ಇಷ್ಟೆಲ್ಲ ಬರೆದ ಮೇಲೆ ಈಗ ಹೊಳೆಯುತ್ತಿದೆ ನೋಡಿ ನನ್ನ ಪೆದ್ದುತನ. ನಮ್ಮ ಭಾಷೆ ನಿಮಗೆ ಓದಲು ಬರುವುದಿಲ್ಲ. ದುಭಾಷಿ ಹೆಂಗಸು ಊರು ಬಿಟ್ಟು ಹೋಗಿದ್ದಾಳೆ. ಶಿಬಿರದಲ್ಲಿ ಅಪ್ಪ ಅಮ್ಮಂದಿರಿಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವರು ಮಕ್ಕಳೇ. ಇದನ್ನೂ ಅವಳೇ ಓದುತ್ತಾಳೆ. ಮೊದಲು ತಾನೊಮ್ಮೆ ಕಣ್ಣಾಡಿಸಿ, ಆಮೇಲೆ ನಿಮಗೆ.

ಹರಿದುಹಾಕಲು ಹೊರಟೆ. ಕೈ ಬರಲಿಲ್ಲ. ಹಾಗಾಗಿ ಇನ್ನು ಮುಂದಿನದು ನಿನಗೆ, ಲಾಯರಮ್ಮ.

ನಿನ್ನ ಗುಟ್ಟನ್ನು ನಾನು ಬೇರೆ ಯಾರಿಗೂ ಹೇಳಿಲ್ಲ, ನಿನಗೇ ಹಿಂದಿರುಗಿಸುತ್ತಿದ್ದೇನೆ. ಇಷ್ಟು ಚಿಕ್ಕವಳ ಮೇಲೆ ಇಂಥ ಭಾರ ಹೊರಿಸುವುದು ಸರಿಯೋ ತಪ್ಪೋ, ದೇವರಾಣೆಗೂ ನನಗೆ ತಿಳಿಯುತ್ತಿಲ್ಲ. ಬೇಡ ಎನಿಸಿದರೆ, ‘ಮ್ಯೂಸಿಯಂ ಚೆನ್ನಾಗಿತ್ತಂತೆ, ನಾನು ತಂಟೆ ಮಾಡಲಿಲ್ಲವಂತೆ’ ಎಂದು ಓದಿ ಮಡಚಿಟ್ಟುಬಿಡು. ಅಮ್ಮ ಸಿಕ್ಕಾಗ ನಾನೂ ಹೌದು ಹೌದು ಎಂದು ತಲೆಯಾಡಿಸುತ್ತೇನೆ, ನಿನ್ನನ್ನು ಒಂದು ಮಾತೂ ಕೇಳುವುದಿಲ್ಲ. ಓದಬೇಕು ಎನಿಸಿದರೆ ಮೊದಲು ಅಮ್ಮನಿಗೆ ಅಂಟಿಕೊಂಡು ಕೂತುಕೋ.

ಅಮ್ಮ ಅತ್ತರೆ ನೀನೇನು ಮಾಡಬೇಕು ಎಂದು ಅವತ್ತು ಕೇಳಿದೆಯಲ್ಲ, ಈಗ ಹೇಳುತ್ತೇನೆ. ಸಮಾಧಾನ ಮಾಡಲು ಹೋಗಬೇಡ, ಮಗಳೇ. ನೀನೂ ಅತ್ತುಬಿಡು.

ನಿಮ್ಮಿಬ್ಬರನ್ನೂ ಆ ದೇವರು ತಣ್ಣಗಿಟ್ಟಿರಲಿ.

ಯಾರ ಮಾತನ್ನು ಮೀರಿದೆನೋ ಇನ್ನೂ ತಿಳಿಯದ,
ನಿಮ್ಮ ಹೊಲಿಗೆ ಅಂಗಡಿ ಅಕ್ಕ