ಅವ್ವ ಆರಿಸಿದ ಮನೆ

ಲೋಹಿತಣ್ಣಾ,

ನನಗೆ ಕೆಲಸ ಸಿಕ್ಕಿರುವುದು ತಲಶ್ಶೇರಿಯಲ್ಲಿ, ಸಮುದ್ರ ನಿನ್ನನ್ನು ಎಳೆದುಕೊಂಡ ಊರಿನಲ್ಲೇ. ನಿನ್ನೆ ಅವ್ವನ ಜೊತೆ ಬಾಡಿಗೆ ಮನೆ ನೋಡಲು ಹೋಗಿದ್ದೆ. ಅಲೆಯ ಸದ್ದು ಕೇಳಿಸದ ಕಡೆ, ರೈಲ್ವೆ ಸ್ಟೇಷನ್ನಿನ ಹಿಂದೆ, ಒಂದು ಮನೆ ಗೊತ್ತು ಮಾಡಿಕೊಂಡಿದ್ದೆ. ಆದರೆ ಬ್ರೋಕರ್ ಮೊದಲು ಕೋಟೆಯ ಹತ್ತಿರದ ಹಳೇ ಬೀದಿಗೆ ಕರೆದೊಯ್ದು, ಒಂದು ಮನೆಯ ಕಿಟಕಿ ತೆರೆದ. ಎದುರಿಗೇ ಕಡಲು. ನಾನು ಓಡಿಹೋಗಿ ಮುಚ್ಚಿದೆ.

ಅವ್ವ ನನ್ನ ಕೈ ಸರಿಸಿ ಮತ್ತೆ ತೆರೆದಳು. ನಾನು ಅವಳ ಸೆರಗು ಹಿಡಿದೇ ನಿಂತಿದ್ದೆ.

"ಅವ್ನು ಸಿಗ್ಲೇ ಇಲ್ಲ ಅಂದ್ರಲ್ಲ. ಹಂಗಾರೆ ಇಲ್ಲೇ ಎಲ್ಲೋ ಅವ್ನೆ. ಈ ಮನೇನೇ ಇರ್ಲಿ ಕಣವ್ವ," ಅಂದಳು.

ಒಪ್ಪಿಕೊಂಡೆ. ಶಿರಂಗಾಲದ ನಮ್ಮ ಮನೆಗೆ ವಾಪಸ್ ಬಂದು ಈಗ ಸಾಮಾನು ಕಟ್ಟುತ್ತಿದ್ದೇವೆ. ಅವ್ವ ನಿನ್ನ ಅಂಗಿಗಳನ್ನು ಒಗೆದು, ಬೇಗ ಕೈಗೆ ಸಿಗುವಂತೆ ಪೆಟ್ಟಿಗೆಯಲ್ಲಿ ಮೇಲ್ಗಡೆಯೇ ಇಟ್ಟಿದ್ದಾಳೆ. ಬೇಡವೆನ್ನಲು ನನ್ನಿಂದ ಆಗಲಿಲ್ಲ.

ರಂಜಿತಾ